ಭಾವನ ಜೋಕರ್ ಸುತ್ತು

ನಮ್ಮ ಭಾವ ಯಾವ ಊರನ್ನೂ ನೇರ ದಾರಿಯಲ್ಲಿ ಹೋಗಿ ಮುಟ್ಟಿದವರಲ್ಲ. ಇದು ಆರೋಪವಲ್ಲ, ವರದಿ. ಎರಡು ಮೂಲಗಳಿಂದ ಖಚಿತಪಡಿಸಿಕೊಂಡೇ ಬರೆಯುತ್ತಿದ್ದೇನೆ. ಒಂದು, ಇಪ್ಪತ್ತು ವರ್ಷದಿಂದ ಅವರ ಪಕ್ಕದ ಸೀಟಿನಲ್ಲಿ ಕೂತ ನಮ್ಮಕ್ಕ. ಇನ್ನೊಂದು, ಹಿಂದಿನ ಸೀಟಿನಲ್ಲಿ ಹದಿನಾಲ್ಕು ವರ್ಷ ವಾಂತಿ ತಡೆದುಕೊಂಡು ಬೆಳೆದ ಅವರ ಮಗಳು.

ನಾನಿರುವುದು ಸಿಡ್ನಿಯ ಗಿರಾವೀನ್‌ನಲ್ಲಿ, ಅವರು ಮೆಲ್ಬರ್ನ್‌ನ ಕ್ರಾನ್‌ಬರ್ನ್‌ನಲ್ಲಿ. ಒಮ್ಮೆ ನನ್ನನ್ನು ಏರ್‌ಪೋರ್ಟಿನಿಂದ ಹತ್ತಿಸಿಕೊಂಡವರು ಮನೆಗೆ ಹೋಗುವುದು ಬಿಟ್ಟು ತದ್ವಿರುದ್ಧ ದಿಕ್ಕಿನ ಪಾಯಿಂಟ್ ಕುಕ್ ಕಡೆಗೆ ತಿರುಗಿಸಿದರು. ಅಲ್ಲಿ ಯಾರಿದ್ದಾರೆ ಎಂದು ಕೇಳಿದೆ. ಯಾರೂ ಇಲ್ಲವಂತೆ.

"ಜೋಕರ್ ಕಣಯ್ಯ. ಟ್ರಿಪ್‌ಗೆ ಒಂದ್ಸಲ ತಗೊಳ್ಳಲೇಬೇಕು. ಇಲ್ದಿದ್ರೆ ಡಿಸ್‌ಕ್ವಾಲಿಫೈ."

ಯಾರು ಡಿಸ್‌ಕ್ವಾಲಿಫೈ ಮಾಡುತ್ತಾರೆ ಎಂಬ ಪ್ರಶ್ನೆಗೆ ಈವರೆಗೂ ಅಧಿಕೃತ ಪ್ರತಿಕ್ರಿಯೆ ಬಂದಿಲ್ಲ.

ಓದುಗರಿಗೆ ಹಿನ್ನೆಲೆ ಬೇಕು. ರ‍್ಯಾಲಿಕ್ರಾಸ್ ಎಂದರೆ ಅರ್ಧ ಟಾರು, ಅರ್ಧ ಮಣ್ಣು ಇರುವ ಪುಟ್ಟ ಟ್ರ್ಯಾಕಿನಲ್ಲಿ ಐದಾರು ಕಾರುಗಳು ಒಟ್ಟಿಗೆ ನುಗ್ಗಿ, ಕಾಫಿ ಆರುವುದರೊಳಗೆ ಮುಗಿಸುವ ಓಟ. ಓಟದ ಮಧ್ಯೆ ಪ್ರತಿ ಕಾರೂ ಒಮ್ಮೆ ಬೇಕೆಂದೇ ಉದ್ದದ ಬಳಸು ದಾರಿ ಹಿಡಿದು ಬರಬೇಕು. ಅದೇ ಜೋಕರ್ ಸುತ್ತು. ಜಗತ್ತಿನ ಎಲ್ಲ ರೇಸುಗಳಲ್ಲೂ ಹತ್ತಿರದ ದಾರಿ ಹುಡುಕುತ್ತಾರೆ, ಇಲ್ಲಿ ದೂರದ ದಾರಿ ಕಡ್ಡಾಯ. ನಮ್ಮ ಭಾವನಿಗೆ ಇದಲ್ಲದೆ ಬೇರೆ ಯಾವ ಆಟ ಹಿಡಿಸೀತು ಹೇಳಿ?

ಭಾವನ ಪ್ರಕಾರ ಮನುಷ್ಯಕುಲದ ಇತಿಹಾಸಕ್ಕೆ ಮೂರೇ ಘಟ್ಟ. ಮೊದಲನೆಯದು ಟಿವಿಯಲ್ಲಿ ರ‍್ಯಾಲಿಕ್ರಾಸ್ ಬರುತ್ತಿದ್ದ, ಜನ ಬೇಲಿ ಹತ್ತಿ ನೋಡುತ್ತಿದ್ದ ಕಾಲ. ಎರಡನೆಯದು ಕ್ಯಾಮೆರಾಗಳು ಬೇರೆ ರೇಸಿಗೆ ಹೋಗಿ, ಟ್ರ್ಯಾಕುಗಳ ಪಕ್ಕ ಹೊಸ ಸಬರ್ಬ್ ಎದ್ದು, ಗದ್ದಲವೆಂದು ದೂರು ಕೊಟ್ಟು ಒಂದೊಂದಾಗಿ ಮುಚ್ಚಿಸಿದ ಕಾಲ. ಮೂರನೆಯದು ಪುನರುತ್ಥಾನ. ಅದರ ಒಟ್ಟು ಸಂಖ್ಯಾಬಲ ಭಾವ ಒಬ್ಬರೇ.

ಇಷ್ಟಾಗಿ ಅವರು ಒಂದು ದಿನವೂ ರೇಸಿನಲ್ಲಿ ಕಾರು ಓಡಿಸಿದವರಲ್ಲ! ಅವರದು ಬಾವುಟದ ಇಲಾಖೆ. ಓದಲು ಬಂದ ಹೊಸತರಲ್ಲಿ, ಗೋದಾಮಿನಲ್ಲಿ ಜೊತೆಗೆ ಪೆಟ್ಟಿಗೆ ಎತ್ತುತ್ತಿದ್ದವನೊಬ್ಬ ಭಾನುವಾರ ತನ್ನ ಕ್ಲಬ್ಬಿನ ಟ್ರ್ಯಾಕಿಗೆ ಕರೆದೊಯ್ದು ಕೈಗೊಂದು ಹಳದಿ ಬಾವುಟ ಕೊಟ್ಟು ತಿರುವಿನಲ್ಲಿ ನಿಲ್ಲಿಸಿದನಂತೆ. ಇಡೀ ವಾರದಲ್ಲಿ ಯಾರಾದರೂ ಹೆಸರು ಹಿಡಿದು ಕರೆಯುತ್ತಿದ್ದ ಜಾಗ ಅದೊಂದೇ ಆಗಿತ್ತು. ಇದನ್ನು ಹೇಳಿದ್ದು ಅಕ್ಕ. ಭಾವ ಹೇಳುವುದಿಲ್ಲ.

ಆ ಕ್ಲಬ್ಬಿನ ಹಳಬರಲ್ಲಿ ಕೆಲವರು ತೀರಿಕೊಂಡರು, ಕೆಲವರು ಕ್ಯಾರವಾನ್ ಕೊಂಡು ಉತ್ತರಕ್ಕೆ ಹೋದರು. ಉಳಿದ ಭಾವ ಕಾರ್ಯದರ್ಶಿಯಾದರು. ಜಾಗದ ಕರಾರಿನಲ್ಲಿ ಒಂದು ಷರತ್ತಿತ್ತು. ವರ್ಷಕ್ಕೊಂದು ಓಟವಾದರೂ ನಡೆಯಬೇಕು, ಆರು ಕಾರಾದರೂ ಗುರಿ ಮುಟ್ಟಬೇಕು. ತಪ್ಪಿದರೆ ಕ್ಲಬ್ಬು ಮುಚ್ಚುತ್ತದೆ, ಟ್ರ್ಯಾಕು ಸೈಟುಗಳಾಗುತ್ತದೆ. ಕಳೆದ ವರ್ಷ ಗಡುವಿಗೆ ನಾಲ್ಕು ತಿಂಗಳಿತ್ತು. ಕೈಯಲ್ಲಿ ಒಂದು ಕಾರೂ ಇರಲಿಲ್ಲ.

ಭಾವ ಸಿಡ್ನಿಗೆ ಬಂದರು. ಗಿರಾವೀನ್‌ನ ಸಭಾಂಗಣದಲ್ಲಿ ನಮ್ಮ ರಾಜ್ಯೋತ್ಸವದ ಊಟ. ಬಿಳಿ ಕಾರೊಂದು ಗೇಟಿಗೆ ಅಡ್ಡ ನಿಂತಿದೆ, ತೆಗೆಯಲು ಹೇಳಿ ಎಂದು ಯಾರೋ ಇವರ ಕೈಗೆ ಮೈಕ್ ಕೊಟ್ಟುಬಿಟ್ಟರು. ಇವರು ಇಪ್ಪತ್ತು ನಿಮಿಷ ರ‍್ಯಾಲಿಕ್ರಾಸಿನ ಏಳುಬೀಳು ವಿವರಿಸಿದರು. ಗೇಟಿನ ಆಚೆ ಮೊಸರನ್ನದ ವ್ಯಾನು ಹಾರ್ನ್ ಹೊಡೆಯುತ್ತಲೇ ಇತ್ತು. ಬಿಳಿ ಕಾರು ನನ್ನದು, ಅಲ್ಲಿ ನಿಲ್ಲಿಸಿದವರು ಭಾವ.

ಆದರೂ ಆರು ಜನ ಸಿಕ್ಕರು. ಸಿಡ್ನಿಯಿಂದ ಇಬ್ಬರು, ಮೆಲ್ಬರ್ನ್‌ನಿಂದ ನಾಲ್ವರು. ಅವರಲ್ಲೊಬ್ಬ, ಇಲ್ಲಿ ಕಾಯಂ ನೆಲೆಸುವ ಅನುಮತಿಗೆ ಕಾಯುತ್ತಿದ್ದವನು, ಇದರಿಂದ ಪಿಆರ್‌ಗೆ ಪಾಯಿಂಟ್ಸ್ ಬರುತ್ತದೆಯೇ ಎಂದು ಕೇಳಿದ. ಭಾವ ಬರುತ್ತದೆ ಎನ್ನಲಿಲ್ಲ. ಬರುವುದಿಲ್ಲ ಎಂದೂ ಅನ್ನಲಿಲ್ಲ.

ಗಡುವಿನ ಕೊನೆಯ ಭಾನುವಾರ ಓಟ. ಕಾರು ಎಣಿಸಿ ದಾಖಲಿಸುವ ಹೊಣೆ ನನ್ನದು. ಅಕ್ಕ ಬೇಲಿಯ ಪಕ್ಕ ಮಡಚುವ ಟೇಬಲ್ಲಿಟ್ಟು ಪುಳಿಯೋಗರೆ ಡಬ್ಬಿ ಜೋಡಿಸುತ್ತಿದ್ದಳು. ಆರನೆಯವರು ಪಾಯಿಂಟ್ ಕುಕ್‌ನ ದಂತವೈದ್ಯರು. ಹಿಂದಿನ ದಿನವಷ್ಟೇ ತೊಳೆಸಿದ ಕಾರಿನಲ್ಲಿ ಬಂದಿಳಿದು ಟ್ರ್ಯಾಕನ್ನು ನೋಡಿದರು.

"ಮಣ್ಣಿದೆ ಅಂತ ನೀವು ಮೊದಲೇ ಹೇಳ್ಬೇಕಿತ್ತು ಸರ್," ಎಂದು ಬೇಸರದಿಂದ ಹೇಳಿ ವಾಪಸು ಹೋದರು.

ಉಳಿದದ್ದು ಐದು ಕಾರು. ಭಾವ ಬಾವುಟಗಳನ್ನು ಒಂದೊಂದಾಗಿ ಮಡಚಿ ಚೀಲಕ್ಕಿಡತೊಡಗಿದರು. ಮೂರನೆಯದನ್ನು ಮಡಚುವಾಗ ಅಕ್ಕ ಸೌಟು ಕೆಳಗಿಟ್ಟಳು.

"ಹೆಲ್ಮೆಟ್ ಎಲ್ರೀ?"

"ನಿಂಗೆ ರೂಲ್ಸ್ ಗೊತ್ತಿಲ್ಲ ಕಣೇ."

"ಇಪ್ಪತ್ತು ವರ್ಷದಿಂದ ಹಾಲು ತರೋಕೆ ಹೋದ್ರೂ ಜೋಕರ್ ತಗೊಂಡಿದೀನಲ್ರೀ. ಇನ್ನೇನು ರೂಲ್ಸು?"

"ಮಾಮ್, ಆರ್ ಯು ಸೀರಿಯಸ್?" ಎಂದಳು ಮಗಳು. ಅಕ್ಕ ಆಗಲೇ ತಮ್ಮ ಏಳು ಸೀಟಿನ ಕಾರಿನಲ್ಲಿ ಬೆಲ್ಟು ಬಿಗಿಯುತ್ತಿದ್ದಳು.

ಹಸಿರು ಬಾವುಟ ಬಿತ್ತು. ಐವರೂ ಕನ್ನಡಿ ನೋಡಿ, ಕತ್ತು ತಿರುಗಿಸಿ ನೋಡಿ, ಇಂಡಿಕೇಟರ್ ಹಾಕಿ, ಮೃದುವಾಗಿ ಹೊರಟರು. ಇಲ್ಲಿ ಲೈಸೆನ್ಸ್ ಪಡೆಯಲು ಎರಡು, ಮೂರು ಸಲ ಫೇಲಾಗಿ ಬಂದ ಜನ. ಪಾಠ ಮೈಗೆ ಹತ್ತಿಬಿಟ್ಟಿದೆ. ಕಡ್ಡಾಯದ ಕೆಲಸ ಮೊದಲೇ ಮುಗಿಸೋಣವೆಂದು ಐವರೂ ಮೊದಲ ಸುತ್ತಿನಲ್ಲೇ ಸಾಲಾಗಿ ಜೋಕರ್ ದಾರಿ ಹಿಡಿದರು. ಅದು ಮುಖ್ಯ ಟ್ರ್ಯಾಕನ್ನು ಸೇರುವಲ್ಲಿ ಮುಂದಿನವನು ನಿಂತ. ಬಲಗಡೆಯಿಂದ ಅಕ್ಕ ಬರುತ್ತಿದ್ದಳು, ಇಲ್ಲಿನ ರಸ್ತೆ ನಿಯಮದಂತೆ ದಾರಿ ಬಿಡಬೇಕಲ್ಲ! ಅಕ್ಕ ದಾಟಿದಳು. ಆದರೆ ಟ್ರ್ಯಾಕು ಪುಟ್ಟದು, ಇನ್ನೊಂದು ಗಳಿಗೆಯಲ್ಲಿ ಮತ್ತೆ ಬರುತ್ತಾಳೆ. ಅವನು ಕಾದ. ಹಿಂದಿನ ನಾಲ್ವರೂ ಹಾರ್ನ್ ಮಾಡದೆ ಕಾದರು. ಅಕ್ಕ ಎರಡನೆಯ ಸಲವೂ ದಾಟಿದಳು. ಕೊನೆಗೆ ಭಾವ ಹಸಿರು ಬಾವುಟ ಹಿಡಿದು ಮಣ್ಣಿನಲ್ಲಿ ಓಡಿಹೋಗಿ, ಬನ್ರೋ ಎಂದು ಅಂಗಲಾಚಿ, ಅವರನ್ನು ಟ್ರ್ಯಾಕಿಗಿಳಿಸಬೇಕಾಯಿತು. ರೇಸಿನಲ್ಲಿ ಟ್ರಾಫಿಕ್ ಜಾಮ್ ಆದದ್ದನ್ನು ನಾನು ಕಣ್ಣಾರೆ ಕಂಡೆ.

ಕೊನೆಯ ಸುತ್ತಿನಲ್ಲಿ ಅಕ್ಕ ತನ್ನ ಜೋಕರ್ ಮುಗಿಸಿ ಗೆರೆಯತ್ತ ಬಂದಳು. ಹಿಂದೆ, ಸುರಕ್ಷಿತ ಅಂತರದಲ್ಲಿ, ಐವರು. ಭಾವ ಕಪ್ಪುಬಿಳಿ ಚೌಕದ ಬಾವುಟ ಹಿಡಿದು ಗೆರೆಯ ಮೇಲೆ ನಿಂತಿದ್ದರು. ಬೀಸಲಿಲ್ಲ. ಬಾವುಟ ಬೀಳದೆ ಓಟ ಮುಗಿಯುವುದಿಲ್ಲ. ಅಕ್ಕ ಇನ್ನೊಂದು ಸುತ್ತು ಹೋದಳು, ಹಿಂದೆಯೇ ಐವರೂ ಹೋದರು. ಭಾವನ ಮುಖ ನೋಡಿದೆ. ಕಣ್ಣು ಪೂರ್ತಿ ತುಂಬಿಹೋಗಿತ್ತು. ಅವರಿಗೆ ಕಾರು ಕಾಣಿಸಿರಲೇ ಇಲ್ಲ.

ಎರಡನೆಯ ಸಲ ಅಕ್ಕ ಗೆರೆಯ ಹತ್ತಿರ ನಿಧಾನ ಮಾಡಿ ಕಿಟಕಿ ಇಳಿಸಿದಳು.

"ಬೀಸ್ರೀ," ಎಂದಳು, ಮೆಲ್ಲಗೆ. "ನಾನೇ ಬರ್ತಿರೋದು."

ಬೀಸಿದರು. ನಾನು ಆರು ಎಣಿಸಿ ಬರೆದುಕೊಂಡೆ. ಆರನೆಯ ಕಾರು ದಾಟಿ, ಧೂಳು ಕೂತ ಮೇಲೂ ಭಾವ ಬೀಸುತ್ತಲೇ ಇದ್ದರು. ಅಕ್ಕ ಹೆಲ್ಮೆಟ್ಟು ಕೂಡ ತೆಗೆಯದೆ ನಡೆದು ಬಂದು ಅವರ ಕೈ ಹಿಡಿದುಕೊಂಡ ಮೇಲೆಯೇ ಬಾವುಟ ನಿಂತದ್ದು.