ಎರಡಿಂಚು ಎತ್ತಿದ್ದಕ್ಕೆ

ಕೆಲವರ ಕೈಗುಣಕ್ಕೆ ಗಿಡ ಚಿಗುರುತ್ತೆ, ಕೆಲವರ ಕೈಗುಣಕ್ಕೆ ಜ್ವರ ಬಿಡುತ್ತೆ. ನನ್ನ ಕೈಗುಣಕ್ಕೆ ಮಾತ್ರ ಯಾರಾದರೂ ಗಾಡಿ ಮೇಲೆ ಜಾರುತ್ತಾರೆ. ನಾನೇನೂ ಬೇಕಂತ ಮಾಡಲ್ಲ. ಸರಿ, ಅರ್ಧ ಬೇಕಂತ ಮಾಡ್ತೀನಿ. ಇನ್ನರ್ಧ ತಾನಾಗೇ ಆಗುತ್ತೆ.

ಒಂಬತ್ತನೇ ಕ್ಲಾಸಿನಲ್ಲಿ ಎರಡು ಸಲ ಡುಮ್ಕಿ ಹೊಡೆದ ಮೇಲೆ ಅಪ್ಪ ನನ್ನನ್ನು ಟೇಕಲ್‌ನಿಂದ ಎಳಕೊಂಡು ಬಂದು ಕೋಲಾರದ ಮೋಟಾರ್ ಸೈಕಲ್ ಶೆಡ್ಡಿನ ಉಸ್ತಾದರಿಗೆ ಒಪ್ಪಿಸಿದ. "ಕೆಲಸ ಕಲಿತರೆ ಇಲ್ಲೇ ಇಟ್ಕೊಳ್ಳಿ ಸಾಬ್ರೇ. ಕಲೀಲಿಲ್ವಾ, ವಾಪಸ್ ಕಳಿಸಿ. ಮತ್ತೆ ಇಸ್ಕೂಲಿಗೆ ಹಾಕ್ತೀನಿ."

ಇಸ್ಕೂಲು ಅಂದರೆ ಅದೇ ಒಂಬತ್ತನೇ ಕ್ಲಾಸು. ಆ ವರ್ಷ ಆ ಕ್ಲಾಸಿಗೆ ಯಾರು ಬಂದಿದ್ದರು ಗೊತ್ತಾ? ನನ್ನ ತಂಗಿ! ಮೇಷ್ಟ್ರು ಅವಳ ಕೈಯಲ್ಲಿ ನನ್ನ ಕಿವಿ ಹಿಂಡಿಸೋದು ಗ್ಯಾರಂಟಿ.

ಉಸ್ತಾದರು ಶೆಡ್ಡಿನ ಬಾಗಿಲು ತೋರಿಸಿ, "ಇಲ್ಲಿ ಸೀಮೆಸುಣ್ಣದಲ್ಲಿ ಗೆರೆ ಎಳೀತೀನಿ. ಗಿರಾಕಿಯಿಂದ ಒಂದು ಕಂಪ್ಲೇಂಟ್ ಬಂದ್ರೆ ಒಂದು ಗೆರೆ. ಮೂರಾಯ್ತೋ, ನೀನು ಟೇಕಲ್ಲು. ಸಮ್ಜಾ?" ಅಂದರು.

ನಾನು ಚೆನ್ನಾಗಿ ಕಲಿತ ಕೆಲಸ ಒಂದೇ. ಹಿಂದಿನ ಚಕ್ರದ ಎರಡು ಪಕ್ಕ ಶಾಕಬ್ಸರ್ ಇರುತ್ತಲ್ಲ, ಅದನ್ನು ಕೆಳಗಡೆ ಹಿಡಿದಿರೋದು ಬೆರಳುದ್ದದ ಕಬ್ಬಿಣದ ಪಟ್ಟಿ. ಆ ಪಟ್ಟಿ ಬಿಚ್ಚಿ ಉದ್ದದ ಪಟ್ಟಿ ಹಾಕಿದರೆ ಗಾಡಿಯ ಹಿಂಭಾಗ ಎರಡಿಂಚು ಮೇಲೇಳುತ್ತೆ. ಹುರುಳಿಕಾಯಿ ಮೂಟೆ, ರೇಷ್ಮೆಗೂಡಿನ ಚೀಲ, ಏನೇ ಹೇರಿದರೂ ಮಡ್‌ಗಾರ್ಡು ಟೈರಿಗೆ ತಗಲಲ್ಲ. ಸುತ್ತಮುತ್ತಲ ರೈತರೆಲ್ಲ "ನಮ್ದೂ ಎತ್ತಿಕೊಡಪ್ಪಾ" ಅಂತ ಬರೋಕೆ ಶುರು ಮಾಡಿದರು. ಖಾಲಿ ಗಾಡಿ ಮಾತ್ರ ಮೂತಿ ನೆಲಕ್ಕೆ ಹಾಕಿ ಹಿಂದೆ ಎತ್ತಿಕೊಂಡು ನಿಲ್ಲುತ್ತಿತ್ತು, ಗುದ್ದೋಕೆ ಬಂದ ಟಗರಿನ ಥರ. ಅಲ್ಲೇ ಇದ್ದಿದ್ದು ಮಜಾ.

ಅಳಿಯ, ಮಾವ

ಮುಳಬಾಗಿಲಿನ ಬಟ್ಟೆ ಅಂಗಡಿಯವನಿಗೆ ಹೊಸದಾಗಿ ಮದುವೆ ಆಗಿತ್ತು. ಚೈನು ಬಿಗಿ ಮಾಡಿಸೋಕೆ ಹೆಂಡತಿ ಜೊತೆ ಬಂದ. ಆಯಮ್ಮ ಸೀಟಿನ ತುದಿಯಲ್ಲಿ, ಅವನು ಈ ಕಡೆ. ನಡುವೆ ಇನ್ನೊಬ್ಬರನ್ನು ಕೂರಿಸಬಹುದು. ನನಗೆ ಅಯ್ಯೋ ಅನ್ನಿಸಿತು. ಅವರು ಕಾಫಿ ಕುಡಿದು ಬರೋದರೊಳಗೆ ಚೈನಿನ ಜೊತೆ ಪಟ್ಟಿಯನ್ನೂ ಬದಲಾಯಿಸಿಬಿಟ್ಟೆ. ಸೀಟು ಮುಂದಕ್ಕೆ ಇಳಿಜಾರಾಯಿತು.

ವಾರ ಬಿಟ್ಟು ಅವನೊಬ್ಬನೇ ಮೈಸೂರು ಪಾಕ್ ಪೊಟ್ಟಣ ಹಿಡಿದು ಬಂದ. "ಏನ್ ಮಾಡ್ದೋ ಪುಣ್ಯಾತ್ಮ? ಎಲ್ಲಿ ಕೂತರೂ ಜಾರಿ ನನ್ನ ಹತ್ರಾನೇ ಬರ್ತಾಳೆ ಕಣೋ. 'ನಾನಲ್ಲ ರೀ, ಗಾಡಿ' ಅಂತಾಳೆ!"

ಅದು ಅಲ್ಲಿಗೇ ನಿಂತಿದ್ದರೆ ಚೆನ್ನಾಗಿತ್ತು. ಮುಂದಿನ ವಾರ ಹೆಂಡತಿ ಜಾಗದಲ್ಲಿ ಮಾವ ಕೂತರು. ಭತ್ತದ ಮೂಟೆಯಂಥಾ ಆಳು. ಮುಳಬಾಗಿಲು ದಾಟೋದರೊಳಗೆ ಅವರು ಜಾರಿ ಅಳಿಯನ ಜಾಗಕ್ಕೆ, ಅಳಿಯ ಪೆಟ್ರೋಲ್ ಟ್ಯಾಂಕಿನ ಮೇಲಕ್ಕೆ. ಕೋಲಾರಕ್ಕೆ ಬಂದಾಗ ಮಾವನ ಎರಡು ಕೈ ಅಳಿಯನ ಹೊಟ್ಟೆ ಸುತ್ತ, ಗಲ್ಲ ಅವನ ಭುಜದ ಮೇಲೆ.

ಮಾವ ಇಳಿದವರೇ ಉಸ್ತಾದರಿಗೆ, "ಮಗಳನ್ನ ಕೊಟ್ಟಿದ್ದೀನಿ ಸಾಬ್ರೇ, ನನ್ನನ್ನೂ ಕೊಟ್ಟಿಲ್ಲ!" ಅಂತ ಕೂಗಿದರು.

ಬಾಗಿಲ ಮೇಲೆ ಒಂದನೇ ಗೆರೆ ಬಿತ್ತು.

ಇಳಿಜಾರಿನ ರೋಗ

ಗೌನಿಪಲ್ಲಿಯ ಮಾವಿನಕಾಯಿ ಮಂಡಿಯವರು ತೆಲುಗು, ಕನ್ನಡ ಎರಡೂ ಕಲಸಿ ಮಾತಾಡೋರು. ಅವರ ಗಾಡಿಯನ್ನು ಅವರೇ ಕೇಳಿ ಮೂರಿಂಚು ಎತ್ತಿಸಿಕೊಂಡಿದ್ದರು. ಎಂಟು ದಿನಕ್ಕೆ ಗಾಡಿ ತಳ್ಳಿಕೊಂಡು ಬಂದರು. ಮುಖ ಹಣ್ಣಾದ ಮೆಣಸಿನಕಾಯಿ.

"ಏಮಿರಾ ಇದಿ? ಟ್ಯಾಂಕಲ್ಲಿ ಪೆಟ್ರೋಲ್ ಐತೆ. ನೋಡು, ಕಣ್ಣಿಗೆ ಕಾಣ್ತದೆ. ಗಾಡಿ ಮಾತ್ರ ನಿಂತು ನಿಂತು ಹೋಗ್ತದೆ."

ವಿಷಯ ಏನಂದರೆ, ಆ ಗಾಡಿಯಲ್ಲಿ ಪೆಟ್ರೋಲ್ ಬಿಡೋ ನಲ್ಲಿ ಇರೋದು ಟ್ಯಾಂಕಿನ ಹಿಂಬದಿಯಲ್ಲಿ. ಗಾಡಿ ಮೂತಿ ಬಗ್ಗಿಸಿದ್ದಕ್ಕೆ ಇದ್ದಬದ್ದ ಪೆಟ್ರೋಲೆಲ್ಲ ಮುಂದೆ ಹೋಗಿ ನಿಂತಿತ್ತು. ನಲ್ಲಿಗೆ ಬರೀ ಗಾಳಿ.

"ಶ್ರೀನಿವಾಸಪುರದಿಂದ ಇಲ್ಲೀವರೆಗೆ ಎಲ್ಲಾ ಏರಲ್ಲೂ ಕುದುರೆ ಥರ ಹತ್ತುತು ಕಣಪ್ಪಾ. ಇಳಿಜಾರು ಬಂದ್ರೆ ಸಾಕು, ಆಫ್! ಲೋಕದಾಗೆ ಯಾವ ಗಾಡಿಗೈತೋ ಈ ರೋಗ?"

ನಾನು ತಲೆ ಕೆರೆದುಕೊಂಡು ಅಂದೆ: "ಇಳಿಜಾರಲ್ಲಿ ಪೆಟ್ರೋಲ್ ಯಾಕೆ ಬೇಕಣ್ಣಾ? ನಿಮಗೇ ಉಳಿತಾಯ ಅಲ್ವಾ?"

ಉಸ್ತಾದರು ನಕ್ಕೂ ನಕ್ಕೂ ಕಣ್ಣೊರೆಸಿಕೊಂಡರು. ಒರೆಸಿಕೊಂಡ ಮೇಲೆ ಎರಡನೇ ಗೆರೆ ಎಳೆದರು.

ನಿಲ್ಲದ ಸವಾರಿ

ಇನ್ನೊಂದೇ ಗೆರೆ ಬಾಕಿ. ಬುದ್ಧಿ ಇದ್ದೋನು ಸುಮ್ಮನಿರಬೇಕಿತ್ತು. ಆದರೆ ಉಸ್ತಾದರ ಸ್ವಂತ ಗಾಡಿ ನನ್ನ ಕಣ್ಣೆದುರೇ ನಿಂತಿತ್ತು, ಅವರು ನಮಾಜಿಗೆ ಹೋಗಿದ್ದರು, ಸ್ಪ್ಯಾನರು ಕೈಯಲ್ಲೇ ಇತ್ತು. ನಾನೇನು ಮಾಡಲಿ?

ಉಸ್ತಾದರು ಕುಳ್ಳಗೆ. ಮೊದಲೇ ಕಾಲ್ಬೆರಳ ತುದಿಯಲ್ಲಿ ನೆಲ ಮುಟ್ಟುತ್ತಿದ್ದರು. ವಾಪಸ್ ಬಂದು, ಶೆಡ್ಡಿನ ಮುಂದಿನ ಕಲ್ಲಿನ ಮೇಲೆ ಕಾಲಿಟ್ಟು ಗಾಡಿ ಹತ್ತಿ, ಹೋಗಿಯೇಬಿಟ್ಟರು. ನಿಲ್ಲಿಸೋಕೆ ಹೋದಾಗ ಗೊತ್ತಾಯಿತು, ನೆಲ ಸಿಗ್ತಿಲ್ಲ. ಕ್ಲಾಕ್ ಟವರ್ ಸುತ್ತಿದರು. ಮತ್ತೆ ಸುತ್ತಿದರು. ಮೂರನೇ ಸುತ್ತಿಗೆ ಒಂದು ಕೈ ಬೀಸಿ, "ಲೇ, ಪಕಡೋ ರೇ! ಹಿಡ್ಕೊಳ್ಳೋ!" ಅಂದರು.

ನಾನೂ ಕೈ ಬೀಸಿ ಸಲಾಂ ಹೊಡೆದೆ. ನನ್ನನ್ನು ನೋಡಿ ಸುತ್ತಲ ಅಂಗಡಿಯವರೂ ಎದ್ದು ಸಲಾಂ ಹೊಡೆದರು. ಕೊನೆಗೆ ಬಾಳೆಹಣ್ಣಿನ ತಳ್ಳುಗಾಡಿಯವನು ಹಿಡಿದು ನಿಲ್ಲಿಸಿದ.

ಉಸ್ತಾದರು ಸೀದಾ ಬಂದು ಸೀಮೆಸುಣ್ಣ ಎತ್ತಿದರು. ನನ್ನ ಕಣ್ಣ ಮುಂದೆ ತಂಗಿ ಬಂದು ನಿಂತಳು.

"ಉಸ್ತಾದ್, ಕಂಪ್ಲೇಂಟು ಗಿರಾಕಿಯಿಂದ ಬರಬೇಕು ಅಂತ ನೀವೇ ಹೇಳಿದ್ರಿ..."

ಒಂದು ನಿಮಿಷ ಯೋಚನೆ ಮಾಡಿದರು. ನ್ಯಾಯವಂತ ಮನುಷ್ಯ. ಸೀಮೆಸುಣ್ಣ ಕೆಳಗಿಟ್ಟು, ಚಪ್ಪಲಿ ಎತ್ತಿಕೊಂಡರು.

ನೀರಿನ ಕ್ಯಾನು

ಸುಗಟೂರು ಕಡೆಯ ಹಾಲಿನಣ್ಣ ದಿನಾ ಬೆಳಿಗ್ಗೆ ಎರಡು ದೊಡ್ಡ ಕ್ಯಾನು ಹಾಲು ತಂದು ನಮ್ಮ ಶೆಡ್ಡಿನ ಬೀದಿಯ ಹೋಟೆಲಿಗೆ ಹಾಕುತ್ತಿದ್ದ. ಆ ಗಾಡಿಯನ್ನೂ ನಾನೇ ಎತ್ತಿದ್ದು. ಬರುವಾಗ ಹಾಲಿನ ಭಾರಕ್ಕೆ ಗಾಡಿ ಸಮ. ಹೋಗುವಾಗ ಕ್ಯಾನು ಖಾಲಿ. ಪ್ರತಿ ಗುಂಡಿಗೂ ಹಿಂದಿನ ಚಕ್ರ ಕರು ಥರ ಎಗರುತ್ತೆ, ಅವನು ಟ್ಯಾಂಕಿನ ಮೇಲೆ ಜಾರುತ್ತಾನೆ.

"ಅದಕ್ಕೇನಣ್ಣಾ, ಹೋಗುವಾಗ ಕ್ಯಾನಿಗೆ ನೀರು ತುಂಬ್ಕೊಂಡು ಹೋಗು" ಅಂದೆ.

ಪಾಪ, ತುಂಬಿಕೊಂಡ. ಹದಿನೈದು ದಿನ ಬೀದಿ ಕೊಳಾಯಿಯಲ್ಲಿ ನೀರು ಹಿಡಿದ, ಊರಿಗೆ ಹೋಗಿ ಹಿಪ್ಪುನೇರಳೆ ಗಿಡಕ್ಕೆ ಸುರಿದ. ಹದಿನಾರನೇ ದಿನ ಹೋಟೆಲ್ ಯಜಮಾನರು ಕಣ್ಣಾರೆ ಕಂಡರು: ಹಾಲಿನವನು, ಹಾಲಿನ ಕ್ಯಾನು, ಅದರ ತುಂಬ ನೀರು!

ಹಾಲಿನಣ್ಣನ ತೋಳು ಹಿಡಿದುಕೊಂಡೇ ಶೆಡ್ಡಿಗೆ ಬಂದರು. ಅವರ ಹಿಂದೆ ಕಾಫಿಗೆ ಬಂದಿದ್ದ ಹತ್ತು ಜನ.

"ಗಾಡಿ ಎಗರುತ್ತಂತೆ, ಅದಕ್ಕೆ ನೀರಂತೆ! ಕತೆ ಕಟ್ತಾನೆ. ನಾಳೆಯಿಂದ ಇವನ ಹಾಲು ನನಗೆ ಬೇಡ. ಊರಲ್ಲಿ ಇನ್ಯಾರೂ ತಗೊಳ್ಳದ ಹಾಗೆ ಮಾಡ್ತೀನಿ."

ಹಾಲಿನಣ್ಣ ನನ್ನ ಮುಖ ನೋಡಿದ. ನನಗೇನೂ ಗೊತ್ತಿಲ್ಲ ಅಂದರೆ ನಾನು ಉಳಿದೆ, ಅವನು ಮುಳುಗಿದ. ಹೌದು ಅಂದರೆ ಮೂರನೇ ಗೆರೆ.

"ನಾನೇ ಹೇಳಿದ್ದು ಸ್ವಾಮಿ" ಅಂದೆ. ಯಾಕೆ ಅಂದೆನೋ, ನಾಲಿಗೆ ತಾನಾಗೇ ಹೊರಳಿಬಿಡ್ತು. "ನಂಬಿಕೆ ಇಲ್ಲಾಂದ್ರೆ ನೀರು ಚೆಲ್ಲಿ ನೀವೇ ಒಂದು ಸುತ್ತು ಹೊಡೀರಿ."

"ಹೊಡೀತೀನಿ. ನಾನೂ ಗಾಡಿ ಓಡಿಸ್ದೋನೇ!"

ನೀರು ಚೆಲ್ಲಿದೆವು. ಯಜಮಾನರು ಪಂಚೆ ಎತ್ತಿ ಕಟ್ಟಿ ಹೊರಟರು. ಮೊದಲನೇ ಗುಂಡಿಗೆ ಸೀಟಿನಿಂದ ಮೇಲೆದ್ದರು. ಎರಡನೇ ಗುಂಡಿಗೆ ಟ್ಯಾಂಕಿನ ಮೇಲೆ ಕೂತರು. ಅಲ್ಲಿಂದ ಬ್ರೇಕಿಗೆ ಕಾಲು ಎಟುಕಲಿಲ್ಲ. ಬೀದಿ ಕೊನೆಯಲ್ಲಿ ಹೇಗೋ ತಿರುಗಿಸಿಕೊಂಡು, ಹ್ಯಾಂಡಲನ್ನು ತಬ್ಬಿಕೊಂಡು, ಹಿಂದೆ ಎರಡು ಖಾಲಿ ಕ್ಯಾನು ದಣದಣ ಬಡಿದುಕೊಳ್ಳುತ್ತಾ, ತಮ್ಮ ಹೋಟೆಲಿನ ಮುಂದೆಯೇ ಕೂಗಿಕೊಂಡು ಬಂದರು:

"ನೀರು ಹಾಕ್ರೋ! ಹಾಲಿನ ಕ್ಯಾನಿಗೆ ನೀರು ಹಾಕ್ರಪ್ಪೋ! ತುಂಬಾ ಹಾಕ್ರೋ!"

ಹಾಲಿನಣ್ಣನೂ ನಾನೂ ಓಡಿಹೋಗಿ ಗಾಡಿ ಹಿಡಿದೆವು. ಬೀದಿಯಲ್ಲಿ ನಗದೇ ಇದ್ದಿದ್ದು ನಾವು ಮೂರೇ ಜನ.

ಉಸ್ತಾದರು ಯಜಮಾನರಿಗೆ ಕೈ ಕೊಟ್ಟು ಇಳಿಸಿ, ಬಹಳ ಮರ್ಯಾದೆಯಿಂದ ಕೇಳಿದರು: "ಹುಡುಗನ ಮೇಲೆ ಕಂಪ್ಲೇಂಟ್ ಏನಾದ್ರೂ ಇದೆಯಾ ಸ್ವಾಮಿ? ಇದ್ರೆ ಏನಾಯ್ತು ಅಂತ ಎಲ್ಲರ ಮುಂದೆ ಒಂದ್ಸಲ ಹೇಳಿಬಿಡಿ."

ಯಜಮಾನರು ತಮ್ಮ ಹತ್ತು ಗಿರಾಕಿಗಳ ಮುಖ ನೋಡಿದರು. "ಏನೂ ಇಲ್ಲ, ಏನೂ ಇಲ್ಲ. ಇವನ ಹಾಲು ನಾಳೆನೂ ಬರಲಿ. ನಡೀರಿ, ಇವತ್ತು ಎಲ್ಲರಿಗೂ ನನ್ನ ಲೆಕ್ಕದಲ್ಲಿ ಕಾಫಿ!"

ಎಲ್ಲರಿಗಿಂತ ಹಿಂದೆ ನಿಂತಿದ್ದ ಒಬ್ಬ ಅಜ್ಜ ಕೋಲೂರಿಕೊಂಡು ಮುಂದೆ ಬಂದು ಕೇಳಿದ:

"ಸ್ವಾಮೀ, ಆ ಕಾಫಿಯ ಹಾಲಿಗೆ ನೀರು ಈಗಾಗಲೇ ಹಾಕಿದ್ದೀರೋ, ಇಲ್ಲಾ ನಮ್ಮೆದುರಿಗೇ ಹಾಕ್ತೀರೋ?"