ಸಾಕು ತಂದೆ, ಸಾಕು

ಭಾಷಾಂತರ ಮಾಡುವವರಿಗೆ ಪರಲೋಕದಲ್ಲಿ ಜಾಗ ಇದೆಯೋ ಇಲ್ಲವೋ, ನನಗೆ ಅನುಮಾನ. ಪಾಪ ಮಾಡಿದವನು ಪಶ್ಚಾತ್ತಾಪಪಟ್ಟು ಹೇಗೋ ಒಳಗೆ ನುಸುಳಬಹುದು. ಆದರೆ ಒಬ್ಬರ ಬಾಯಿಂದ ಬಂದದ್ದನ್ನು ಇನ್ನೊಬ್ಬರ ಕಿವಿಗೆ ಹಾಕುವಾಗ ನಡುವೆ ತನ್ನದೊಂದಿಷ್ಟು ಸೇರಿಸಿದವನು ಬಾಗಿಲಲ್ಲಿ ಏನೆಂದು ಹೇಳಿಕೊಳ್ಳಬೇಕು? ಬಹಳ ವರ್ಷಗಳಿಂದ ಚೆನ್ನೈಯ ವಿಮಾ ಕಚೇರಿಯಲ್ಲಿ ಕುರ್ಚಿ ಸವೆಸುತ್ತಿರುವ ನಾನು, ತಮಿಳು ನೀರು ಕುಡಿದಷ್ಟು ಸಲೀಸು ಎಂದು ನನಗೆ ನಾನೇ ಸರ್ಟಿಫಿಕೇಟು ಕೊಟ್ಟುಕೊಂಡಿದ್ದೆ. ಹೆಂಡತಿ ಸುಗುಣ ತಿರುವೊಟ್ಟಿಯೂರಿನ ತಮಿಳು ಮನೆಯವಳು. ನನ್ನ ತಮಿಳು ಕೇಳಿ ಅವಳು ನಕ್ಕಾಗಲೆಲ್ಲ ಅದು ಮೆಚ್ಚುಗೆ ಎಂದೇ ತಿಳಿದಿದ್ದೆ. ನನ್ನ ಕನ್ನಡದ ಬಗ್ಗೆಯಂತೂ ಯಾರಿಗೂ ಸಂಶಯವಿರಲಿಲ್ಲ. ಎಡವಟ್ಟಾದದ್ದು ಅಲ್ಲೇ.

ನನ್ನ ಅಮ್ಮ ತುಮಕೂರು ಬಿಟ್ಟು ಪೋರೂರಿನ ನಮ್ಮ ಮನೆಗೆ ಬಂದು ಮೂರು ವರ್ಷವಾಯಿತು. ತಮಿಳು ಕಲಿಯುವ ಗೋಜಿಗೆ ಅವಳು ಹೋಗಲಿಲ್ಲ. “ದೇವರಿಗೆ ಕನ್ನಡ ಬರುತ್ತಲ್ಲ, ಇನ್ಯಾರ ಹತ್ರ ಏನು ಮಾತಾಡ್ಬೇಕೋ?” ಎನ್ನುತ್ತಿದ್ದಳು. ಭಾನುವಾರ ಚರ್ಚಿನ ಆರಾಧನೆ ಪೂರ್ತಿ ತಮಿಳಿನಲ್ಲೇ ನಡೆದರೂ ಅವಳಿಗೆ ತೊಂದರೆಯಿರಲಿಲ್ಲ. ಹಳೆಯ ಹಾಡುಗಳ ರಾಗ ಎರಡೂ ಭಾಷೆಗೆ ಒಂದೇ ಆದ್ದರಿಂದ ಇಡೀ ಸಭೆ ತಮಿಳಿನಲ್ಲಿ ಹಾಡಿದರೆ ಅಮ್ಮ ಕನ್ನಡದಲ್ಲಿ, ಎಲ್ಲರಿಗಿಂತ ಗಟ್ಟಿಯಾಗಿ ಹಾಡಿ, ಎಲ್ಲರಿಗಿಂತ ಸ್ವಲ್ಪ ತಡವಾಗಿ ಮುಗಿಸುತ್ತಿದ್ದಳು. ಇಲ್ಲಿನ ಸಭೆಯ ಹಿರಿಯರು ಪಾದ್ರಿಗಳನ್ನು ‘ಅಯ್ಯರ್’ ಎಂದೇ ಕರೆಯುತ್ತಾರೆ. “ನಾಳೆ ನಮ್ಮನೆಗೆ ಅಯ್ಯರ್ ಬರ್ತಾರೆ” ಎಂದು ಅಮ್ಮ ಹೇಳಿದ್ದನ್ನು ಕೇಳಿ, ಕೆಳಗಿನ ಮನೆಯ ಕನ್ನಡದ ಆಚಾರ್ಯರು ಯಾವ ಹೋಮವೆಂದು ನನ್ನನ್ನು ಗುಟ್ಟಾಗಿ ವಿಚಾರಿಸಿದ್ದೂ ಉಂಟು.

ಈ ಅಮ್ಮ ಹೋದ ಜೂನ್ ತಿಂಗಳಲ್ಲಿ ಬಚ್ಚಲುಮನೆಯಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡಳು. ಆಪರೇಷನ್ ಚೆನ್ನಾಗಿಯೇ ಆಯಿತು. ಆದರೆ ಡಾಕ್ಟರು ಖಂಡಿತವಾಗಿ ಹೇಳಿದರು: ದಿನಾ ಎಬ್ಬಿಸಿ ನಡೆಸಬೇಕು, ಈಗ ನಡೆಯದಿದ್ದರೆ ಆಮೇಲೆ ಹಾಸಿಗೆಯೇ ಗತಿ. ಅದಕ್ಕಾಗಿ ಮನೆಗೊಬ್ಬ ಫಿಸಿಯೋ ಹುಡುಗಿ ಬರತೊಡಗಿದಳು. ಅವಳು ಅಮ್ಮನನ್ನು ಎತ್ತಿ ವಾಕರ್ ಕೈಗೆ ಕೊಟ್ಟ ಕೂಡಲೇ ಅಮ್ಮ ಕಣ್ಣು ಮುಚ್ಚಿ, ಹಲ್ಲು ಕಚ್ಚಿ, “ಸಾಕು ತಂದೆ, ಸಾಕು” ಎನ್ನುತ್ತಿದ್ದಳು. “ಪಾಟ್ಟಿ ಎನ್ನ ಸೊಲ್ರಾಂಗ?” ಎಂದು ಹುಡುಗಿ ನನ್ನನ್ನು ಕೇಳಿದಳು. ಅಜ್ಜಿ ಏನಂತಾರೆ ಎಂಬ ಪ್ರಶ್ನೆಗೆ ನಾನು ದುಭಾಷಿಯ ಗತ್ತಿನಲ್ಲಿ, “ಪೋದುಂ” ಎಂದೆ. ಸಾಕಂತೆ, ಇಷ್ಟಕ್ಕೇ ಬಿಡಬೇಕಂತೆ. ಅವಳು ಅಮ್ಮನನ್ನು ಮೆಲ್ಲಗೆ ಮಲಗಿಸಿದಳು. ಮರುದಿನವೂ ಇದೇ ಕಥೆ, ಅದರ ಮರುದಿನವೂ. ಅಮ್ಮ ಮಲಗಿದಲ್ಲಿಂದ ನನ್ನನ್ನು ಒಂಥರಾ ನೋಡುತ್ತಿದ್ದಳು. ಅದು ಕೃತಜ್ಞತೆ ಎಂದುಕೊಂಡು ನಾನು ಅಡುಗೆಮನೆಗೆ ಹೋಗಿ ಕಣ್ಣೊರೆಸಿಕೊಳ್ಳುತ್ತಿದ್ದೆ. ಇಷ್ಟು ಗಟ್ಟಿ ಜೀವ ಸೋತುಹೋಯಿತಲ್ಲ ಎಂದು ನನಗೆ ನಿಜವಾಗಿಯೂ ಭಯವಾಗಿತ್ತು.

ಒಂದು ಸಂಜೆ ಅಯ್ಯರ್ ಬಂದರು. ಅವರು ಪ್ರಾರ್ಥನೆಗೆ ಬಾಯಿ ತೆರೆಯುವಷ್ಟರಲ್ಲಿ ಅಮ್ಮ ಕೈ ಜೋಡಿಸಿ ತನ್ನ “ಸಾಕು ತಂದೆ” ಶುರುಮಾಡಿದಳು. ಅಯ್ಯರ್ ನನ್ನ ಕಡೆ ನೋಡಿದರು. ನಾನು ಬರೀ ‘ಪೋದುಂ’ ಎಂದು ಸುಮ್ಮನಾಗಿದ್ದರೆ ಏನೋ ಆಗುತ್ತಿತ್ತು. ಆದರೆ ದುಃಖ ಉಕ್ಕಿ, “ಈ ಲೋಕದ ಓಟ ಸಾಕು, ಕರೆದುಕೋ ಅಂತಿದಾಳೆ ಅಯ್ಯಾ” ಎಂದು ತಮಿಳಿನಲ್ಲಿ ವಿಸ್ತರಿಸಿದೆ. ಅಯ್ಯರ್ ಕಣ್ಣಲ್ಲೂ ನೀರು ಬಂತು. ಗುಣವಾಗಲಿ ಎಂದು ಹೊರಟಿದ್ದ ಅವರ ಪ್ರಾರ್ಥನೆ ನಡುದಾರಿಯಲ್ಲಿ ಗಾಡಿ ತಿರುಗಿಸಿ, ಸಮಾಧಾನವಾಗಿ ಸೇರಿಸಿಕೋ ಪ್ರಭುವೇ ಎಂಬಲ್ಲಿಗೆ ಹೋಗಿ ನಿಂತಿತು. ಅಮ್ಮ ಒಂದಕ್ಷರವೂ ಅರ್ಥವಾಗದೆ, ಭಕ್ತಿಯಿಂದ “ಆಮೆನ್” ಎಂದಳು.

ಸುದ್ದಿ ಹಬ್ಬಲು ಎಷ್ಟು ಹೊತ್ತು ಬೇಕು? ಆ ಶನಿವಾರ ಸಭೆಯ ಮಹಿಳಾ ಸಂಘದ ಅಕ್ಕಂದಿರು ಬಿಳಿ ಸೀರೆಯುಟ್ಟು, ಕೋಯಂಬೇಡು ಮಾರುಕಟ್ಟೆಯಿಂದ ಕಿತ್ತಳೆ ಹಣ್ಣು ತಂದು, ಮಂಚದ ಸುತ್ತ ನಿಂತರು. ಮೆಲುದನಿಯಲ್ಲಿ ಹಾಡು ಎತ್ತಿಕೊಂಡರು. ಅಮ್ಮ ಅಭ್ಯಾಸಬಲದಿಂದ ರಾಗ ಹಿಡಿದು ಕನ್ನಡದಲ್ಲಿ ಜೊತೆಗೂಡಿದಳು. ಎರಡನೇ ಸಾಲಿಗೆ ನಿಲ್ಲಿಸಿದಳು. ಕಣ್ಣು ಬಿಟ್ಟಳು.

“ಲೋ, ಇದು ಮಣ್ಣು ಮಾಡೋವಾಗ ಹಾಡೋದಲ್ವೇನೋ? ಯಾರೋ ತೀರ್ಕೊಂಡಿದ್ದು?”

ನಾನು ಕಿತ್ತಳೆಗಳನ್ನು ಎಣಿಸತೊಡಗಿದೆ. ಸುಗುಣ ಮುಂದೆ ಬಂದು ತನ್ನ ಅರೆಬರೆ ಕನ್ನಡದಲ್ಲಿ, “ಅತ್ತೆ, ನೀವುದಾನೇ ಸಾಕು ಸಾಕು ಅಂದಿದ್ದು? ಪೋದುಂ, ಸಾಯ್ತೀನಿ ಅಂತ?” ಎಂದಳು.

“ಸಾಯ್ತೀನಿ ಅಂತ ಯಾರೇ ಅಂದ್ರು? ನನ್ನನ್ನ ಸಾಕಪ್ಪಾ ಅಂತ ಮೇಲಿರೋ ತಂದೇನ ಕೇಳ್ತಿದ್ದೆ! ಕೋಳಿಮರಿ ಸಾಕೋದಿಲ್ವಾ, ಮಕ್ಕಳ್ನ ಸಾಕೋದಿಲ್ವಾ, ಹಾಗೆ! ನೋವು ತಡ್ಕೊಳ್ಳೋ ಶಕ್ತಿ ಕೊಡು, ನಾಲ್ಕು ಹೆಜ್ಜೆ ನಡೆಸು, ನನ್ನ ಸಾಕು ಅಂತ. ನಮ್ಮಮ್ಮನೂ ಹಂಗೇ ಕೇಳ್ತಿದ್ದಿದ್ದು. ಇವನು ನೋಡಿದ್ರೆ ದಿನಾ ಆ ಹುಡುಗಿಗೆ ಏನೋ ಹೇಳಿ ನನ್ನ ಮಲಗಿಸ್ಬಿಡ್ತಿದ್ದ. ಇವನಿಗೇ ನಾನು ಸಾಕಾಗಿದೀನೇನೋ ಅಂದ್ಕೊಂಡೆ ಕಣೇ.”

ಆ ಕೊನೆಯ ಮಾತು ನನಗೆ ಚುರುಕ್ ಎಂದಿತು. ಆಸ್ಪತ್ರೆ, ಕಚೇರಿ, ರಾತ್ರಿಯ ನಿದ್ದೆಗೇಡು, ಇದೆಲ್ಲ ಸಾಕಾಗಿದ್ದದ್ದು ನನಗೇ. ಆ ಸಾಕನ್ನೇ ನಾನು ಅವಳ ಬಾಯಲ್ಲಿ ಕೇಳಿಸಿಕೊಂಡಿದ್ದೆ. ಆದರೆ ನಾಚಿಕೊಳ್ಳಲೂ ಪುರುಸೊತ್ತಾಗಲಿಲ್ಲ. ಸುಗುಣ ವಿಷಯವನ್ನು ತಮಿಳಿಗೆ ತಿರುಗಿಸಿದಳು. ಸಂಘದ ಅಕ್ಕಂದಿರು ಮೊದಲು ಬಾಯಿ ಮುಚ್ಚಿಕೊಂಡರು, ಆಮೇಲೆ ಬಿದ್ದು ಬಿದ್ದು ನಕ್ಕರು. ಅಮ್ಮನೂ ನಕ್ಕಳು. ನಕ್ಕರೆ ಸೊಂಟ ನೋಯುತ್ತದೆ, ಅಯ್ಯೋ ಎನ್ನುತ್ತಾಳೆ, ಮತ್ತೆ ನಗುತ್ತಾಳೆ. ನಮ್ಮ ಮನೆಯಲ್ಲಿ ವಾರಗಳಿಂದ ಅಂಥ ಸದ್ದು ಕೇಳಿರಲಿಲ್ಲ. ಕಿತ್ತಳೆ ಸುಲಿದು ತಿಂದದ್ದಾಯಿತು, ಕಾಫಿಯಾಯಿತು. ಅವರು ಹೊರಟು ನಿಂತಾಗ ಅಮ್ಮ, “ಎಬ್ಬಿಸೋ ನನ್ನ. ಮನೆಗೆ ಬಂದವರನ್ನ ಬಾಗಿಲ ತನಕ ಕಳಿಸೋದು ಬೇಡ್ವಾ?” ಎಂದಳು. ವಾಕರ್ ಹಿಡಿದು, ಸಾಕು ತಂದೆ, ಸಾಕು ಎನ್ನುತ್ತ, ನಿಂತು ನಿಂತು, ಬೆವರು ಸುರಿಸಿಕೊಂಡು ಬಾಗಿಲಿಗೆ ಬಂದಳು. ತನ್ನನ್ನು ಕಳಿಸಿಕೊಡಲು ಬಂದವರನ್ನೆಲ್ಲ ತಾನೇ ಕಳಿಸಿಕೊಟ್ಟಳು.

ಈಗ ಅಮ್ಮ ಗೋಡೆ ಹಿಡಿದು ಮನೆಯೆಲ್ಲ ಓಡಾಡುತ್ತಾಳೆ. ಆ ಪದ ಹುರಿದುಂಬಿಸುವುದಕ್ಕೇ ಇರುವುದೆಂದು ತಿಳಿದ ಫಿಸಿಯೋ ಹುಡುಗಿ, “ಸಾಕು ಪಾಟ್ಟಿ, ಸಾಕು!” ಎಂದು ಕೂಗಿ ನಡೆಸುತ್ತಾಳೆ. ನಾನು ತಿದ್ದಲು ಹೋಗಿಲ್ಲ. ನನ್ನ ದುಭಾಷಿ ಹುದ್ದೆ ಸುಗುಣಳ ಪಾಲಾಗಿದೆ. ಇನ್ನು ಯಾರಿಗೂ ಗೊಂದಲವಾಗಬಾರದೆಂದು ಅಮ್ಮ ಸಂಜೆಯ ಪ್ರಾರ್ಥನೆಯನ್ನು ಬಿಡಿಸಿ ಬಿಡಿಸಿ, ನನಗೆ ಕೇಳುವಂತೆ ಗಟ್ಟಿಯಾಗಿ ಮಾಡುತ್ತಾಳೆ: “ತಂದೆ, ನನ್ನನ್ನ ಸಾಕು. ನನ್ನ ಸೊಸೇನ ಸಾಕು. ನನ್ನ ಮಗನ್ನೂ ಸಾಕು. ಅವನ ಭಾಷಾಂತರ ಮಾತ್ರ, ಸ್ವಾಮಿ, ಸಾಕು.”

ಆಮೆನ್ ಎನ್ನದೆ ನನಗೆ ಬೇರೆ ದಾರಿಯಿಲ್ಲ.