ಅಣುಬಾಂಬಿನ ಕಾಲುವೆ

ಓದಿದ್ದನ್ನು ಹೊಟ್ಟೆಯಲ್ಲಿ ಇಟ್ಟುಕೊಳ್ಳಲಾಗದ ಕಾಯಿಲೆ ನನಗಿದೆ. ಹೈಸ್ಕೂಲಿನಲ್ಲಿ ವಿಜ್ಞಾನ ಹೇಳುವವನಿಗೆ ಇದು ಇರಬೇಕಾದದ್ದೇ ಎಂದು ನನ್ನ ಸಮಾಧಾನ. ಶಾಲೆ ಬಿಟ್ಟ ಮೇಲೂ ಬಾಯಿ ಮುಚ್ಚುವುದಿಲ್ಲ ಎಂಬುದು ಹೆಂಡತಿಯ ದೂರು.

ನಮ್ಮ ದೇಶ ಮರುಭೂಮಿಯಲ್ಲಿ ಅಣುಬಾಂಬು ಸಿಡಿಸಿದ ವರ್ಷ. ಶೆಟ್ಟಿಕೆರೆಯ ಟೈಲರ್ ಬಾಬು ಸಾಬರ ಅಂಗಡಿಯಲ್ಲಿ ಪ್ಯಾಂಟಿಗೆ ಅಳತೆ ಕೊಡುತ್ತಿದ್ದೆ. ಬೆಂಚಿನ ಮೇಲೆ ತೆಂಗಿನ ತೋಟದ ರಂಗಣ್ಣ ಕೂತಿದ್ದರು. ನಮ್ಮ ಕಡೆ ಬರಬೇಕಾದ ಕಾಲುವೆ ಎರಡು ಮೈಲಿ ಆಚೆ ಬಂಡೆಗೆ ಸಿಕ್ಕಿ ನಿಂತು ವರ್ಷಗಳಾಗಿದ್ದವು. ಅವರ ತೆಂಗಿನ ಗರಿಗಳು ಜೋತುಬಿದ್ದಿದ್ದವು. ನಾನು ಸುಮ್ಮನಿರಬೇಕಿತ್ತು. "ಅಮೆರಿಕದವರು, ರಷ್ಯಾದವರು ಅಣುಬಾಂಬಿನಲ್ಲೇ ಕಾಲುವೆ ತೋಡೋಕೆ ಹೊರಟಿದ್ರು. ಸಾಲಾಗಿ ಹೂತು ಸಿಡಿಸಿದರೆ ಬಂಡೆ ಗಿಂಡೆ ಒಂದೂ ಉಳಿಯಲ್ಲ" ಎಂದೆ.

"ಒಂದೇ ದಿನಕ್ಕಾ ಮೇಷ್ಟ್ರೇ?" ಎಂದರು ರಂಗಣ್ಣ.

"ಒಂದೇ ಗಳಿಗೆಗೆ."

ಉಳಿದರ್ಧ ಹೇಳುವ ಮೊದಲೇ ಬಾಬು ಸಾಬರು ಸೊಂಟಕ್ಕೆ ಟೇಪು ಸುತ್ತಿ, "ಹೊಟ್ಟೆ ಒಳಕ್ಕೆ ಎಳ್ಕೋಬೇಡಿ, ಆಮೇಲೆ ನನ್ನ ಬೈತೀರಿ" ಎಂದರು. ಮಾತು ಅಲ್ಲಿಗೇ ನಿಂತಿತು.

ಮುಂದಿನ ವಾರ ಕಾಲುವೆಯ ಇಂಜಿನಿಯರು ಶಾಲೆಯ ಅಂಗಳದಲ್ಲಿ ರೈತರ ಸಭೆ ಕರೆದರು. ರಂಗಣ್ಣ ಎದ್ದು ಕೈಮುಗಿದರು. "ಸ್ವಾಮಿ, ಸರ್ಕಾರದ ಹತ್ರ ಬಾಂಬು ಐತಂತೆ. ಒಂದೆರಡು ಈ ಕಡೆ ಕಳಿಸ್ಕೊಡಿ. ಮಿಕ್ಕಿದ್ದು ನಮ್ ಮೇಷ್ಟ್ರು ನೋಡ್ಕೋತಾರೆ."

ಇಂಜಿನಿಯರು ನಗಲಿಲ್ಲ. "ಯಾರ್ರೀ ಆ ಮೇಷ್ಟ್ರು?"

ಎದ್ದು ನಿಂತೆ. ನನ್ನ ವಿದ್ಯಾರ್ಥಿಗಳ ಅಪ್ಪಂದಿರೆಲ್ಲ ಹೆಮ್ಮೆಯಿಂದ ನನ್ನತ್ತ ತಿರುಗಿದ್ದರು. ಉಳಿದರ್ಧ ಹೇಳಿದೆ: ಮೇಲೆದ್ದ ಮಣ್ಣು ವಿಷದ ಧೂಳಾಗಿ ಬೀಳುತ್ತದೆ, ವರ್ಷಗಟ್ಟಲೆ ತೋಟಕ್ಕೆ ಕಾಲಿಡುವಂತಿಲ್ಲ, ಅದಕ್ಕೇ ಅವರೂ ಕೈಬಿಟ್ಟರು.

ರಂಗಣ್ಣ ಯೋಚಿಸಿದರು. "ಎಳನೀರೂ ಕುಡಿಯಂಗಿಲ್ವಾ?"

"ಮುಟ್ಟಂಗೂ ಇಲ್ಲ."

"ಹಂಗಾದ್ರೆ ಬುಡಿ ಸ್ವಾಮಿ," ಎಂದು ಇಂಜಿನಿಯರ ಕಡೆ ತಿರುಗಿದರು, "ಗುದ್ಲೀಲೇ ನಿಧಾನಕ್ಕೆ ಅಗೀರಿ. ನಮ್ಗೇನೂ ಅವಸರ ಇಲ್ಲ."

ಎಲ್ಲರೂ ತಲೆದೂಗಿದರು. ಇಂಜಿನಿಯರ ಮುಖ ಆಗ ಅರಳಿತು. 'ರೈತರಿಗೆ ಅವಸರವಿಲ್ಲ' ಎಂದು ಬರೆದುಕೊಂಡು, ರಂಗಣ್ಣನವರ ರುಜು ಹಾಕಿಸಿಕೊಂಡು ಜೀಪು ಹತ್ತಿದರು.

ಕಾಲುವೆಗೆ ನೀರು ಬರಲು ಇನ್ನೂ ನಾಲ್ಕು ವರ್ಷ ಹಿಡಿಯಿತು. ಅಷ್ಟೂ ದಿನ ಯಾರು ಕೇಳಿದರೂ ರಂಗಣ್ಣ ಸಿಟ್ಟಿಲ್ಲದೆ ಹೇಳುತ್ತಿದ್ದರು: "ಒಂದೇ ಗಳಿಗೇಲಿ ಆಗೋದು ಕಣಪ್ಪ, ನಮ್ ಮೇಷ್ಟ್ರು ಬ್ಯಾಡ ಅಂದ್ರು." ಮೊದಮೊದಲು ತಿದ್ದುತ್ತಿದ್ದೆ. ಕೇಳಿ ಕೇಳಿ ನನಗೂ ನಂಬಿಕೆ ಬಂದುಬಿಟ್ಟಿತು. ಮೊನ್ನೆ ತಿಪಟೂರಿನಲ್ಲಿ ಬೀಗರ ಮನೆಯ ಪಂಕ್ತಿಯಲ್ಲಿ ಕೂತು, ಮೂರು ತಾಲ್ಲೂಕನ್ನು ಅಣುಬಾಂಬಿನಿಂದ ಉಳಿಸಿದವನು ನಾನೇ ಎಂದು ಹೇಳಿ, ಎರಡನೇ ಸಲ ಪಾಯಸ ಬಡಿಸಿಕೊಂಡು ಬಂದೆ.